ಕ್ಷೀರಕಾಕೋಲಿ: ಹಿಮಾಲಯದ ಕಾಡುಲಿಲ್ಲಿ

ಚ್ಯವನಪ್ರಾಶದಲ್ಲಿ ಸೇರುವ ಅಷ್ಟವರ್ಗವೆಂಬ ಎಂಟು ಮೂಲಿಕೆಗಳ ಹೆಸರನ್ನು ರೈತಬಾಂಧವರಲ್ಲಿ ಹಲವರು ಕೇಳಿರಬಹುದು. ಅವುಗಳಲ್ಲಿ ಕ್ಷೀರಕಾಕೋಲಿಯೂ ಒಂದು. ಇದನ್ನು ಈಗ ಸಸ್ಯತಜ್ಞರು ಸಾಮಾನ್ಯವಾಗಿ ಲಿಲಿಯಂ ಪಾಲಿಫಿಲ್ಲಂ ಎಂಬ ಕಾಡುಲಿಲ್ಲಿಯೆಂದು ಗುರುತಿಸುತ್ತಾರೆ. ಔಷಧಿ ಬೆಳೆಗಳತ್ತ ಒಲವು ಹೆಚ್ಚಿರುವಾಗ ಇದರ ಗಡ್ಡೆ ತಂದು ನಮ್ಮಲ್ಲಿ ಬೆಳೆಯಬಹುದೇ ಎಂಬ ಪ್ರಶ್ನೆ ಏಳುವುದು ಸಹಜ. ಉತ್ತರ ಗಿಡದ ಗುಣಲಕ್ಷಣಗಳಲ್ಲೇ ಇದೆ.

ಕಾಶ್ಮೀರ, ಹಿಮಾಚಲ ಪ್ರದೇಶ ಹಾಗೂ ಉತ್ತರಾಖಂಡದ ಬೆಟ್ಟಗಳಲ್ಲಿ, ಸಮುದ್ರಮಟ್ಟದಿಂದ ಸುಮಾರು 2000 ಮೀಟರಿಗೂ ಮೇಲೆ, ನೆರಳು ಮತ್ತು ತೇವವಿರುವ ಕಾಡಿನ ಇಳಿಜಾರುಗಳಲ್ಲಿ ಇದು ಬೆಳೆಯುತ್ತದೆ. ಕಾಂಡ ನೆಟ್ಟಗೆ ಒಂದು ಮೀಟರಿನಷ್ಟು, ಕೆಲವೆಡೆ ಇನ್ನೂ ಎತ್ತರ ಏರುತ್ತದೆ. ಕಾಂಡದ ತುಂಬ ಕಿರಿದಾದ ಎಲೆಗಳು. ಪಾಲಿಫಿಲ್ಲಂ ಎಂದರೆ ಬಹುಪರ್ಣಿ ಎಂದೇ ಅರ್ಥ. ಜೂನ್–ಜುಲೈನಲ್ಲಿ ತಲೆಬಾಗಿದ, ಸುವಾಸನೆಯ ಕೆನೆಬಣ್ಣದ ಹೂಗಳು ಅರಳುತ್ತವೆ. ಆರು ದಳಗಳೂ ಹಿಂದಕ್ಕೆ ಸುರುಳಿಗೊಂಡು, ಒಳಗೆ ನೇರಳೆ ಚುಕ್ಕೆಗಳಿರುತ್ತವೆ. ಚಳಿ ಬಂದಾಗ ಮೇಲಿನ ಭಾಗ ಒಣಗಿ, ಗಡ್ಡೆ ಹಿಮದಡಿ ಸುಪ್ತಾವಸ್ಥೆಯಲ್ಲಿ ಉಳಿಯುತ್ತದೆ.

ಔಷಧಿಗೆ ಬಳಸುವುದು ಈ ಗಡ್ಡೆಯನ್ನೇ. ಇದು ಈರುಳ್ಳಿಯ ಜಾತಿಯ ಗಡ್ಡೆಯಾದರೂ ಈರುಳ್ಳಿಗಿರುವ ಒಣ ಹೊರಸಿಪ್ಪೆ ಇದಕ್ಕಿಲ್ಲ. ದಪ್ಪನೆಯ ಎಸಳುಗಳು ಬುಡದಲ್ಲಿ ಕೂಡಿಕೊಂಡಿರುತ್ತವೆ. ಆದಕಾರಣ ಬೇಗ ಒಣಗುತ್ತದೆ, ಪೆಟ್ಟು ತಾಳದು. ಲಿಲ್ಲಿಗಳಲ್ಲಿ ಒಂದು ಅನುಕೂಲವೂ ಉಂಟು: ಹೊರ ಎಸಳನ್ನು ಬುಡಸಮೇತ ಬಿಡಿಸಿ ತೇವದ ಮರಳಿನಲ್ಲಿಟ್ಟರೆ ಅದರ ಬುಡದಲ್ಲಿ ಮರಿಗಡ್ಡೆಗಳು ಮೂಡುತ್ತವೆ. ಬೀಜದಿಂದ ಬೆಳೆದ ಸಸಿಯಾದರೋ ಹೂಬಿಡಲು ಹಲವು ವರ್ಷ ಬೇಕು.

ಹೀಗಿರುವಾಗ, ಕಾಯಿ ಒಡೆದು ಬೀಜ ಹಾರುವ ಮೊದಲೇ ಗಡ್ಡೆ ಕಿತ್ತರೆ ಗಿಡವೂ ಹೋಯಿತು, ಅದರ ಸಂತಾನವೂ ಹೋಯಿತು. ಕಾಡಿನಲ್ಲಿ ನಡೆದದ್ದು ಇದೇ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಇದು ಅಳಿವಿನ ತೀವ್ರ ಅಪಾಯದಲ್ಲಿರುವ ಸಸ್ಯವೆಂದು ಸೇರಿದೆ.

ನಮ್ಮ ಬಯಲುಸೀಮೆಯಲ್ಲಿ ಈ ಗಡ್ಡೆಗೆ ಬೇಕಾದ ದೀರ್ಘ ಚಳಿಯೂ ಇಲ್ಲ, ತಂಪು ಬೇಸಿಗೆಯೂ ಇಲ್ಲ. ಯಾರಾದರೂ ಬಿತ್ತನೆ ಗಡ್ಡೆಯೆಂದು ಮಾರಲು ಬಂದರೆ ಹಣ ಹಾಕದಿರುವುದು ಲೇಸು. ನಮ್ಮ ಬೇಲಿಗಳಲ್ಲಿ ಹಬ್ಬುವ, ಕೆಂಪು–ಹಳದಿ ಹೂವಿನ ಅಗ್ನಿಶಿಖೆಯನ್ನೂ ಕೆಲವರು ಲಿಲ್ಲಿ ಎನ್ನುವುದುಂಟು. ಅದರ ಗಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ವಿಷವಿದ್ದು, ತಿಂದರೆ ಪ್ರಾಣಾಪಾಯ.

ಕ್ಷೀರಕಾಕೋಲಿ ಸಿಗದ ತೊಂದರೆ ಹೊಸದಲ್ಲ. 16ನೆಯ ಶತಮಾನದ ಭಾವಪ್ರಕಾಶದಲ್ಲಿಯೇ ಕಾಕೋಲಿ, ಕ್ಷೀರಕಾಕೋಲಿಗಳಿಗೆ ಬದಲಾಗಿ ಅಶ್ವಗಂಧವನ್ನು ಬಳಸಬಹುದೆಂದು ಹೇಳಿದೆ. ಅಶ್ವಗಂಧ ನಮ್ಮ ಒಣಭೂಮಿಗೆ ಹೊಂದುವ ಬೆಳೆ. ನೀರು ಬಸಿಯುವ ಕೆಂಪು ಮರಳುಮಿಶ್ರಿತ ಗೋಡು ಸಾಕು. ಸುಮಾರು 150ರಿಂದ 180 ದಿನಗಳಲ್ಲಿ ಎಲೆ ಒಣಗಿ ಹಣ್ಣು ಕೆಂಪಾದಾಗ ಬೇರು ಕೀಳಬಹುದು. ಬೀಜಕ್ಕಾಗಿ ಕೆಂಪು ಹಣ್ಣುಗಳನ್ನು ಆಗಲೇ ಬೇರೆ ತೆಗೆದಿಡತಕ್ಕದ್ದು.