‘ಕರೆಂಟ್’ ಚಿಕಿತ್ಸೆಯನ್ನು ನಡುವೆ ಬಿಡಬೇಡಿ

ಕ್ಯಾನ್ಸರ್‌ಗೆ ‘ಕರೆಂಟ್ ಕೊಡಿಸಬೇಕು’ ಎಂದೊಡನೆ ಮನೆಮಂದಿಯೆಲ್ಲ ಗಾಬರಿಯಾಗುತ್ತಾರೆ. ಈಚೆಗೆ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ: ‘ಶಬ್ದದ ಅಲೆಗಳಿಂದಲೇ ಗಡ್ಡೆ ಸುಡುತ್ತಾರಂತಲ್ಲ, ಅದನ್ನೇ ಮಾಡಿಸಬಾರದೇ?’

‘ಕರೆಂಟ್’ ಎಂಬುದು ಜನ ಇಟ್ಟ ಹೆಸರು. ಇದರಲ್ಲಿ ವಿದ್ಯುತ್ತು ಮೈಗೆ ಹರಿಯುವುದಿಲ್ಲ. ಇದು ವಿಕಿರಣ ಚಿಕಿತ್ಸೆ. ಪ್ರಬಲ ಕ್ಷ-ಕಿರಣ ಅಥವಾ ಗಾಮಾ ಕಿರಣಗಳು ಕ್ಯಾನ್ಸರ್ ಕೋಶಗಳ ಡಿಎನ್ಎಯನ್ನು ಕೆಡಿಸುತ್ತವೆ. ಆರೋಗ್ಯವಂತ ಕೋಶಗಳಿಗೂ ಪೆಟ್ಟು ಬೀಳುತ್ತದೆ. ಆದರೆ ಅವು ಬೇಗ ಚೇತರಿಸಿಕೊಳ್ಳುತ್ತವೆ. ಅದಕ್ಕೆಂದೇ ಚಿಕಿತ್ಸೆಯನ್ನು ಸಾಮಾನ್ಯವಾಗಿ ವಾರಕ್ಕೆ ಐದು ದಿನ, ಸ್ವಲ್ಪ ಸ್ವಲ್ಪವಾಗಿ ಕೊಡುತ್ತಾರೆ.

ಕೇಂದ್ರೀಕೃತ ಅಲ್ಟ್ರಾಸೌಂಡ್‌ನ ರೀತಿ ಬೇರೆ. ಭೂತಗನ್ನಡಿಯಿಂದ ಬಿಸಿಲನ್ನು ಒಂದೆಡೆ ಸೇರಿಸಿದರೆ ಕಾಗದ ಸುಡುವುದಿಲ್ಲವೇ? ಹಾಗೆಯೇ ಶಬ್ದದ ಅಲೆಗಳು ಒಂದು ಬಿಂದುವಿನಲ್ಲಿ ಸೇರಿ ಅಲ್ಲಿನ ಅಂಗಾಂಶವನ್ನು ಬಿಸಿಯಿಂದ ನಾಶಮಾಡುತ್ತವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದಕ್ಕೆ 2004ರಲ್ಲಿ ಗರ್ಭಕೋಶದ ನಾರುಗಡ್ಡೆಗೆ, 2012ರಲ್ಲಿ ಮೂಳೆಗೆ ಹರಡಿದ ಕ್ಯಾನ್ಸರಿನ ನೋವಿಗೆ, 2016ರಲ್ಲಿ ಔಷಧಕ್ಕೆ ಬಗ್ಗದ ಒಂದು ಬಗೆಯ ಕೈನಡುಕಕ್ಕೆ ಒಪ್ಪಿಗೆ ನೀಡಿತು. ಆದರೆ ಈ ಅಲೆಗಳು ಗಾಳಿಯನ್ನು ದಾಟಲಾರವು. ಕಣ್ಣಿಗೆ ಕಾಣದಂತೆ ಸುತ್ತ ಹರಡಿರುವ ಕ್ಯಾನ್ಸರ್ ಕೋಶಗಳನ್ನು ಒಂದು ಬಿಂದುವನ್ನು ಸುಟ್ಟು ಹಿಡಿಯಲಾಗದು. ಆದ್ದರಿಂದ ಇದು ವಿಕಿರಣಕ್ಕೆ ಬದಲಿಯಲ್ಲ.

ಗರ್ಭಕೋಶದ ಕೊರಳಿನ ಕ್ಯಾನ್ಸರನ್ನೇ ನೋಡಿ. ಚಿಕಿತ್ಸೆ ಶುರುವಾದ ಕೆಲವು ವಾರಗಳಲ್ಲಿ ರಕ್ತಸ್ರಾವ ನಿಲ್ಲುವುದುಂಟು. ‘ವಾಸಿಯಾಯಿತು’ ಎಂದು ಊರಿಗೆ ಹೊರಟುಬಿಡುವವರಿದ್ದಾರೆ. ರಕ್ತ ನಿಂತ ಮಾತ್ರಕ್ಕೆ ರೋಗ ಹೋಯಿತೆಂದಲ್ಲ. ಹೊರಗಿನಿಂದ ಕೊಡುವ ವಿಕಿರಣ, ಆಮೇಲೆ ಒಳಗೆ ಉಪಕರಣವಿಟ್ಟು ಕೊಡುವ ವಿಕಿರಣ, ಎರಡೂ ಸೇರಿ ಎಂಟು ವಾರದೊಳಗೆ ಮುಗಿಯಬೇಕು. ತಡವಾದಷ್ಟೂ ಗುಣವಾಗುವ ಸಾಧ್ಯತೆ ಕುಗ್ಗುತ್ತದೆ.

ಹೊರಗಿನಿಂದ ವಿಕಿರಣ ಪಡೆದವರ ಮೈಯಲ್ಲಿ ಕಿರಣ ಉಳಿಯುವುದಿಲ್ಲ. ಮಗುವನ್ನು ಎತ್ತಿಕೊಳ್ಳಬಹುದು, ಎಲ್ಲರೊಡನೆ ಕೂತು ಉಣ್ಣಬಹುದು. ಆಯಾಸ, ಚರ್ಮ ಕಪ್ಪಾಗುವುದು, ಹೊಟ್ಟೆಯ ಭಾಗಕ್ಕಾದರೆ ಭೇದಿ ಕಾಣಿಸಬಹುದು. ಇವಕ್ಕೆ ಔಷಧವಿದೆ, ವೈದ್ಯರಿಗೆ ಹೇಳಿ. ಕಿರಣ ಬೀಳುವ ಜಾಗಕ್ಕೆ ಅರಿಶಿನ, ಎಣ್ಣೆ ಏನನ್ನೂ ಕೇಳದೆ ಹಚ್ಚಬೇಡಿ.

ಹೊಲದ ಕೆಲಸ, ಬಸ್ಸಿನ ಖರ್ಚು, ಉಳಿಯಲು ಜಾಗ ಇವೆಲ್ಲ ನಿಜವಾದ ತೊಂದರೆಗಳೇ. ಮೊದಲ ದಿನವೇ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕಂಡು ತಿಳಿಸಿ. ಅರ್ಧಕ್ಕೆ ಬಿಡುವ ಯೋಚನೆ ಬಂದರೆ, ಹೊರಡುವ ಮೊದಲು ವೈದ್ಯರೊಡನೆ ಒಮ್ಮೆ ಮಾತಾಡಿ.