ಮೆದುಳಿನ ಗಡ್ಡೆಗೆ ವೈರಸ್ ಮದ್ದು?

ವೈರಸ್ ಅಂದ್ರೆ ಶಿವಮೊಗ್ಗದವರಿಗೆ ಮೊದಲು ನೆನಪಾಗೋದು ಮಂಗನ ಕಾಯಿಲೆ. 1957ರಲ್ಲಿ ಅದು ಪತ್ತೆಯಾಗಿದ್ದೇ ನಮ್ಮ ಸೊರಬದ ಕ್ಯಾಸನೂರು ಕಾಡಲ್ಲಿ. ಈಗ ವೈರಸನ್ನೇ ಮೆದುಳಿನ ಕ್ಯಾನ್ಸರ್ ಮೇಲೆ ಬಿಟ್ಟು ನೋಡ್ತಿದ್ದಾರೆ!

ಗ್ಲಿಯೋಬ್ಲಾಸ್ಟೊಮಾ ಅನ್ನೋದು ಮೆದುಳಿನ ಮಹಾ ಕೆಟ್ಟ ಗಡ್ಡೆ. ಆಪರೇಷನ್ ಆದ್ಮೇಲೂ ಅದರ ಕೋಶಗಳು ಮೆದುಳಲ್ಲಿ ಅಲ್ಲಲ್ಲಿ ಉಳಿದಿರುತ್ವೆ. ಅವನ್ನ ಹುಡುಕಿಕೊಂಡು ಹೋಗೋ ಗುಣ ನರ ಕಾಂಡಕೋಶಗಳಿಗಿದೆ (ಸ್ಟೆಮ್ ಸೆಲ್). ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ತಂಡ ಈ ಕಾಂಡಕೋಶಗಳಿಗೆ ಮಾರ್ಪಡಿಸಿದ ಅಡಿನೋವೈರಸ್ ತುಂಬಿ, ಗಡ್ಡೆ ತೆಗೆದ ಜಾಗದ ಸುತ್ತ ಇಂಜೆಕ್ಷನ್ ಕೊಡ್ತು. ವೈರಸ್ ಕ್ಯಾನ್ಸರ್ ಕೋಶದೊಳಗೆ ಹೊಕ್ಕು, ಹೆಚ್ಚಿ, ಅದನ್ನ ಒಡೆದು ಹಾಕ್ಬೇಕು.

ಈ ಪ್ರಯೋಗದ 2021ರ ವರದಿ ಬರೀ 12 ರೋಗಿಗಳದ್ದು, ಮೊದಲ ಹಂತದ್ದು. ಹಾಗಾಗಿ ಇದೇ ಮದ್ದು ಅಂತ ಯಾರಾದ್ರೂ ದುಡ್ಡು ಕೇಳಿದ್ರೆ ದಯವಿಟ್ಟು ನಂಬಬೇಡಿ.

ಭದ್ರಾವತಿಯವರೇ, ಬೆಳಗಿನ ತಲೆನೋವು ದಿನೇ ದಿನೇ ಜಾಸ್ತಿಯಾಗ್ತಿದ್ರೆ, ಜೊತೆಗೆ ವಾಂತಿ ಇದ್ರೆ, ಹೊಸದಾಗಿ ಫಿಟ್ಸ್ ಬಂದ್ರೆ, ಅದು ಮೆದುಳಿನ ಗಡ್ಡೆಯ ಲಕ್ಷಣವಿರಬಹುದು; ತಡ ಮಾಡದೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಿ ತೋರಿಸಿ.