ಕುದುರೆ ಕಾಲಿನ ಕಾವು ಕಾಣುವ ಕ್ಯಾಮೆರಾ

ಟೋಕಿಯೊದ ಆಗಸ್ಟ್ ಎಂದರೆ ಮೈಗಂಟುವ ಸೆಕೆ. 2021ರ ಆಗಸ್ಟ್ 1ರಂದು ಆ ಸೆಕೆಯಲ್ಲೇ ಬೆಂಗಳೂರಿನ ಫವಾದ್ ಮಿರ್ಜಾ ತಮ್ಮ ಕುದುರೆ ಸೆನ್ಯೂರ್ ಮೆಡಿಕಾಟ್ ಏರಿ ಒಲಿಂಪಿಕ್ಸ್‌ನ ಕ್ರಾಸ್ ಕಂಟ್ರಿ ಸವಾರಿ ಮುಗಿಸಿದರು. 2000ದ ಸಿಡ್ನಿ ಕ್ರೀಡಾಕೂಟದ ನಂತರ ಒಲಿಂಪಿಕ್ಸ್‌ಗೆ ತಲುಪಿದ ಮೊದಲ ಭಾರತೀಯ ಸವಾರ ಅವರು. ಕೊನೆಗೆ 23ನೇ ಸ್ಥಾನ ಪಡೆದರು. ಆ ಕೂಟದಲ್ಲಿ ಕುದುರೆಗಳ ಮೈಕಾವು ಗಮನಿಸಲು ಪಶುವೈದ್ಯರು ಥರ್ಮಲ್ ಕ್ಯಾಮೆರಾ ಇಟ್ಟುಕೊಂಡಿದ್ದರು. ಏದುಸಿರು ಬಿಡುತ್ತ ಕಾಲು ಕೆದರುವ ಪ್ರಾಣಿಯ ಹಿಂದೆ ನಿಂತು ಥರ್ಮಾಮೀಟರ್ ಇಡುವುದು ಸುಲಭದ ಕೆಲಸವಲ್ಲ. ಕ್ಯಾಮೆರಾ ದೂರದಿಂದಲೇ ಅಂದಾಜು ಕೊಡುತ್ತದೆ.

ಕೋವಿಡ್ ಕಾಲದಲ್ಲಿ ವಿಮಾನ ನಿಲ್ದಾಣಗಳಲ್ಲಿ ನಮ್ಮನ್ನೆಲ್ಲ ನೋಡಿದ್ದೂ ಇದೇ ಜಾತಿಯ ಕ್ಯಾಮೆರಾ. ಪ್ರತಿ ಮೈಯೂ ಕಣ್ಣಿಗೆ ಕಾಣದ ಅವಕೆಂಪು ಕಿರಣ ಹೊರಸೂಸುತ್ತದೆ. ಅದನ್ನು ಹಿಡಿದು ಬಣ್ಣದ ಚಿತ್ರ ಮಾಡುವುದಷ್ಟೇ ಇದರ ಕೆಲಸ. ಬಾವು ಬಂದ ಕಡೆ ರಕ್ತ ಹೆಚ್ಚು ಹರಿಯುತ್ತದೆ, ಅಲ್ಲಿ ಚರ್ಮ ಬಿಸಿಯಾಗುತ್ತದೆ. ಕುದುರೆಯ ಬಾವು ಪತ್ತೆಗೆ ಈ ವಿಧಾನ ಹೇಗೆ ನೆರವಾಗುತ್ತದೆಂದು 1980ರಲ್ಲೇ ಅಮೆರಿಕದಲ್ಲಿ ರಾಮ್ ಪುರೋಹಿತ್ ಮತ್ತು ಅವರ ಸಹೋದ್ಯೋಗಿ ಪ್ರಬಂಧ ಪ್ರಕಟಿಸಿದ್ದರು.

ಪರೀಕ್ಷೆ ನಡೆಯುವ ಬಗೆ ನೋಡಬೇಕು. ಕುದುರೆಯನ್ನು ಲಾಯದ ನೆರಳಿನಲ್ಲಿ, ಗಾಳಿ ಬೀಸದ ಕಡೆ ನಿಲ್ಲಿಸುತ್ತಾರೆ. ಕಾಲಿನ ಪಟ್ಟಿಗಳನ್ನು ಸಾಕಷ್ಟು ಮೊದಲೇ ಬಿಚ್ಚಿರಬೇಕು. ಮೈ ಒದ್ದೆ ಇರಬಾರದು, ಕೆಸರು ಅಂಟಿರಬಾರದು, ನೋವಿನೆಣ್ಣೆ ಸವರಿರಬಾರದು. ಬಿಸಿಲಲ್ಲಿ ನಿಂತು ಬಂದ ಕುದುರೆಯ ಚಿತ್ರ ಬಿಸಿಲಿನ ಕಥೆಯನ್ನೇ ಹೇಳುತ್ತದೆ! ಸ್ವಲ್ಪ ಹೊತ್ತು ಸುಮ್ಮನೆ ನಿಂತ ಮೇಲೆ ಮುಂದಿನಿಂದ, ಹಿಂದಿನಿಂದ, ಎರಡೂ ಪಕ್ಕದಿಂದ ಚಿತ್ರ ತೆಗೆಯುತ್ತಾರೆ. ಪರದೆಯಲ್ಲಿ ಕಾಲಿನ ಕೆಳಭಾಗ ನೀಲಿ, ಹಸಿರು. ಗೊರಸಿನ ಮೇಲಂಚು ಮಾತ್ರ ಕೆಂಪು. ಅಲ್ಲಿ ರಕ್ತನಾಳ ದಟ್ಟವಾಗಿರುವುದರಿಂದ ಆ ಕೆಂಪು ಸಹಜ. ವೈದ್ಯರು ಹುಡುಕುವುದು ಎಡಗಾಲಿಗೂ ಬಲಗಾಲಿಗೂ ಇರುವ ಅಂತರವನ್ನು. ಒಂದೇ ಜಾಗದಲ್ಲಿ ಸುಮಾರು 1 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಅಲ್ಲಿ ಏನೋ ಇದೆ ಎಂದೇ ಲೆಕ್ಕ.  

ಸವಾರಿ ಮುಗಿದೊಡನೆ ಬೆನ್ನಿನ ಚಿತ್ರ ತೆಗೆದರೆ ಜೀನು ಎಲ್ಲಿ ಒತ್ತುತ್ತಿದೆ ಎಂಬುದೂ ತಿಳಿಯುತ್ತದೆ.

ಕುದುರೆ ನೋಡಿಕೊಳ್ಳುವ ಅನುಭವಿ ಸೈಸ್ ಬೆಳಿಗ್ಗೆ ಎದ್ದು ಮಾಡುವ ಮೊದಲ ಕೆಲಸ ಕುದುರೆಯ ಕಾಲಿನ ಮೇಲೆ ಕೈಯಾಡಿಸುವುದು. ಆ ಕೈಗೆ ಬೆಲೆ ಕಟ್ಟಲಾಗದು. ಆದರೆ ಅಲ್ಪಸ್ವಲ್ಪ ಕಾವು ಕೈಗೆ ತಿಳಿಯದೆ ಹೋಗಬಹುದು. ಕ್ಯಾಮೆರಾ ಅದನ್ನೂ ಹಿಡಿಯುತ್ತದೆ, ಕೆಲವೊಮ್ಮೆ ಕುದುರೆ ಕುಂಟುವ ಮೊದಲೇ. ಕಾಲು ಕೈಕೊಟ್ಟರೆ ಕುದುರೆಯ ಬದುಕೇ ಮುಗಿಯಬಹುದು. ಟೋಕಿಯೊದಲ್ಲಿ ಫವಾದ್ ಕ್ರಾಸ್ ಕಂಟ್ರಿ ಸವಾರಿ ಮಾಡಿದ ದಿನವೇ ಸ್ವಿಟ್ಜರ್ಲೆಂಡಿನ ಜೆಟ್ ಸೆಟ್ ಎಂಬ ಕುದುರೆಯ ಕಾಲಿನ ಅಸ್ಥಿರಜ್ಜು ಹರಿದು, ಅದಕ್ಕೆ ದಯಾಮರಣ ಕೊಡಬೇಕಾಯಿತು. ಅಂಥ ಹಠಾತ್ ಪೆಟ್ಟನ್ನು ಯಾವ ಕ್ಯಾಮೆರಾವೂ ತಡೆಯದು. ಒಳಗೊಳಗೇ ಬೆಳೆಯುವ ಬಾವನ್ನಾದರೂ ಬೇಗ ಕಂಡುಕೊಳ್ಳುವುದು ಮೂಕಪ್ರಾಣಿಗೆ ನಾವು ತೋರಬೇಕಾದ ಕನಿಷ್ಠ ಕಾಳಜಿ.

ಮೋಸದ ಮೇಲೂ ಈ ಕ್ಯಾಮೆರಾದ ಕಣ್ಣಿದೆ. 2008ರ ಒಲಿಂಪಿಕ್ಸ್‌ನ ಅಶ್ವಸ್ಪರ್ಧೆ ನಡೆದದ್ದು ಹಾಂಗ್‌ಕಾಂಗ್‌ನಲ್ಲಿ. ಅಲ್ಲಿ ನಾಲ್ಕು ಕುದುರೆಗಳ ಮದ್ದು ಪರೀಕ್ಷೆಯಲ್ಲಿ ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ಪತ್ತೆಯಾಯಿತು. ನಾರ್ವೆ ತಂಡ ಕಂಚಿನ ಪದಕವನ್ನೇ ಕಳೆದುಕೊಂಡಿತು. ಇಂಥ ಲೇಪ ಕಾಲಿಗೆ ಸವರಿದರೆ ಅಡ್ಡಗೋಲು ತಾಗಿದಾಗ ಉರಿ ಹೆಚ್ಚುತ್ತದೆ, ಹೆದರಿದ ಕುದುರೆ ಇನ್ನೂ ಎತ್ತರಕ್ಕೆ ನೆಗೆಯುತ್ತದೆ. ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟದ ವೈದ್ಯರು ಕಾಲುಗಳ ತಪಾಸಣೆಗೆ ಥರ್ಮಲ್ ಕ್ಯಾಮೆರಾ ಬಳಸುವುದಕ್ಕೆ ಇಂಥ ಕ್ರೌರ್ಯವೇ ಕಾರಣ.

ನಮ್ಮ ಬೆಂಗಳೂರಿನಲ್ಲೂ ಸವಾರಿ ಶಾಲೆಗಳಿವೆ, ಟರ್ಫ್ ಕ್ಲಬ್ ಇದೆ. ಆಚೆ ಟಿಪ್ಪುವಿನ ಕಾಲದ ಕುಣಿಗಲ್ ಅಶ್ವಶಾಲೆ, ಮೈಸೂರಿನ ಅಶ್ವಾರೋಹಿ ಪೊಲೀಸ್ ಪಡೆ. ಇಲ್ಲೆಲ್ಲ ಈ ಉಪಕರಣ ಬಳಸುವವರು ಒಂದು ಮಾತು ನೆನಪಿಡಬೇಕು: ಕೆಂಪು ಕಲೆ ಜಾಗ ತೋರಿಸುತ್ತದೆ, ಕಾಯಿಲೆಯ ಹೆಸರು ಹೇಳುವುದಿಲ್ಲ. ಅದಕ್ಕೆ ಅಲ್ಟ್ರಾಸೌಂಡ್, ಎಕ್ಸ್-ರೇ ಬೇಕೇ ಬೇಕು. ಆರೋಗ್ಯವಾಗಿದ್ದಾಗಲೇ ಪ್ರತಿ ಕುದುರೆಯ ಚಿತ್ರ ತೆಗೆದಿಟ್ಟುಕೊಂಡರೆ, ಅನುಮಾನ ಬಂದ ದಿನ ಅದೇ ಕುದುರೆಯ ಹಳೆಯ ಚಿತ್ರದೊಡನೆ ಹೋಲಿಸಿ ನೋಡಲು ವೈದ್ಯರಿಗೆ ಅನುಕೂಲ.